ಮೋನಪ್ಪನವರ ಬಸಳೆ ಮಂಡನೆ

ಮೋನಪ್ಪನವರು ಹಳೆಯ ಲುಂಗಿಯೊಂದನ್ನು ಉದ್ದುದ್ದ ಪಟ್ಟಿಗಳಾಗಿ ಹರಿಯುತ್ತಿದ್ದರು. ಅವರ ಹೆಂಡತಿ ವಾರಿಜಾಕ್ಷಿ ಒಂದೊಂದೇ ಪಟ್ಟಿ ತೆಗೆದುಕೊಂಡು ಬಸಳೆಯ ಬಳ್ಳಿಯನ್ನು ಚಪ್ಪರದ ಪೈಪಿಗೆ ಕಟ್ಟುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಕಟ್ಟುವಾಗ ಮಾತಾಡಿದರೆ ಗಮನ ತಪ್ಪಿ ದಂಟು ಮುರಿಯುತ್ತದೆ ಎಂಬುದು ವಾರಿಜಾಕ್ಷಿಯವರ ಸಿದ್ಧಾಂತ, ಮತ್ತು ಹೆಂಡತಿಯ ಸಿದ್ಧಾಂತಕ್ಕೆ ತಿದ್ದುಪಡಿ ತರುವ ಧೈರ್ಯ ಮೋನಪ್ಪನವರಿಗೆ ಮದುವೆಯಾದ ದಿನದಿಂದಲೂ ಬಂದಿರಲಿಲ್ಲ.

ಅಷ್ಟರಲ್ಲಿ ಸಿಟಿ ಆಡಳಿತದ ಬಿಳಿ ಕಾರೊಂದು ಮನೆಯೆದುರು ನಿಂತಿತು. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯೊಬ್ಬಳು ಇಳಿದು ಚಪ್ಪರವನ್ನು ಮೇಲಿಂದ ಕೆಳಗೆ ನೋಡಿದಳು. ಟೇಪು ಹಿಡಿದು ಅಳೆದಳು. ಫೋಟೋ ತೆಗೆಯಲು ಫೋನ್ ಎತ್ತಿದಳು.

ಸಿಟಿಯವರು ವರ್ಷವರ್ಷ ಚೆಂದದ ತೋಟಗಳಿಗೆ ಬಹುಮಾನ ಕೊಡುತ್ತಾರೆಂದು ಮೋನಪ್ಪನವರು ಎಲ್ಲೋ ಕೇಳಿದ್ದರು. ಅವರು ಕೂಡಲೇ ಲುಂಗಿಯ ಪಟ್ಟಿಗಳನ್ನು ಹಿಂದಕ್ಕೆ ಬಚ್ಚಿಟ್ಟು, ತಲೆಗೂದಲು ಸವರಿಕೊಂಡು, ಚಪ್ಪರದ ಕಂಬಕ್ಕೆ ಒಂದು ಕೈ ಆನಿಸಿ ನಗುತ್ತಾ ನಿಂತರು. ಹುಡುಗಿ ಒಂದು ಕ್ಷಣ ತಡವರಿಸಿ, ಅವರ ಸಮೇತ ಫೋಟೋ ತೆಗೆದು, ಬಾಗಿಲಿಗೆ ಕಿತ್ತಳೆ ಬಣ್ಣದ ಕಾಗದವೊಂದನ್ನು ಅಂಟಿಸಿ ಹೊರಟುಹೋದಳು.

“ಬಹುಮಾನ ಬಂತು ಕಾಣ್ತದೆ,” ಎಂದರು ಮೋನಪ್ಪನವರು.

ಹೈಸ್ಕೂಲಿನಲ್ಲಿ ಓದುವ ಕಿರಿಯ ಮಗಳು ದೀಕ್ಷಿತಾ ಬಾಗಿಲು ತೆರೆದು ಕಾಗದ ಓದಿದಳು. “ಅಪ್ಪ, ಇದು ಪ್ರೈಜ್ ಅಲ್ಲ. ವಯಲೇಶನ್.”

ವಿಷಯ ಇಷ್ಟು. ಅಮೆರಿಕದ ರಾಕ್‌ವಿಲ್ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ಮಿಲ್‌ಹರ್ಸ್ಟ್ ಎಂಬ ಆ ಪುಟ್ಟ ಸಿಟಿಯಲ್ಲಿ ಮನೆಗೂ ರಸ್ತೆಗೂ ನಡುವೆ ನಾಲ್ಕಡಿಗಿಂತ ಎತ್ತರದ ಏನನ್ನೂ ಕಟ್ಟುವಂತಿಲ್ಲ. ಮೋನಪ್ಪನವರ ಚಪ್ಪರ ಅವರ ತಲೆಗಿಂತ ಎರಡು ಗೇಣು ಮೇಲಿತ್ತು. ಒಂದೋ ಅದನ್ನು ಕೀಳಬೇಕು, ಇಲ್ಲವೇ ನಿಯಮ ಬದಲಿಸುವಂತೆ ಸಿಟಿ ಕೌನ್ಸಿಲನ್ನು ಕೇಳಿಕೊಳ್ಳಬೇಕು. ಹಿತ್ತಲಲ್ಲಿ ಹಾಕೋಣವೆಂದರೆ ಅಲ್ಲಿ ಬಿಸಿಲನ್ನೆಲ್ಲ ನುಂಗಿ ನಿಂತ ಓಕ್ ಮರ. ಅದನ್ನು ಕಡಿಯಬಾರದೆಂದೂ ಸಿಟಿಯದೇ ನಿಯಮ. ಹಿಂದೆ ಸಿಟಿಯ ಮರ, ಮುಂದೆ ಸಿಟಿಯ ಕಾನೂನು, ನಡುವೆ ಬಡಪಾಯಿ ಬಸಳೆ.

“ಕಿತ್ತು ಒಗೀರಿ ಅತ್ಲಾಗ,” ಎಂದರು ಎರಡು ಮನೆ ಆಚೆಯ ಡಾಕ್ಟರ್ ಮಹಾಂತಪ್ಪನವರು. ಬಾಗಲಕೋಟೆಯವರು, ಹೃದಯದ ವೈದ್ಯರು. ಕಾಗದದ ಸುದ್ದಿ ಕೇಳಿ ಚಹಾ ಕುಡಿಯುವ ನೆಪದಲ್ಲಿ ನೋಡಲು ಬಂದಿದ್ದರು. “ನೆಲದ ಮ್ಯಾಲ ಹಬ್ಬಿಸಿಬಿಡ್ರಿ. ತಪ್ಪಲಪಲ್ಯಾನ, ಸೊಪ್ಪ ಹೌದಿಲ್ಲೋ?”

“ನೆಲದ ಮೇಲೆ ಬಿಟ್ರೆ ಜಿಂಕೆ ತಿಂತದೆ ಡಾಕ್ಟ್ರೇ,” ಎಂದರು ವಾರಿಜಾಕ್ಷಿ. “ಜಿಂಕೆಗೆ ಬಯಕೆ ಇಲ್ಲ. ನನ್ನ ಮಗಳಿಗೆ ಉಂಟು.”

ಹಿರಿಯ ಮಗಳು ಅಪೂರ್ವಾ ದೂರದ ರಾಲಿ ನಗರದಲ್ಲಿ ಚೊಚ್ಚಲ ಬಸುರಿ. ಹೆತ್ತವರು ಏನು ತಿನ್ನಬೇಕು ಅನಿಸುತ್ತದೆಂದು ಕೇಳಿದಾಗ ಫೋನಿನಲ್ಲಿ ಅವಳು ಹೇಳಿದ್ದು ಎರಡೇ ಶಬ್ದ: ಬಸಳೆ, ಸೀಗಡಿ. ಸೀಗಡಿ ಅಂಗಡಿಯಲ್ಲಿ ಸಿಗುತ್ತದೆ. ಸೆಪ್ಟೆಂಬರ್ ಕೊನೆಯ ಶನಿವಾರ ತವರಿನಲ್ಲಿ ಬಯಕೆಯ ಊಟವೆಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ಚಪ್ಪರ ನಿಂತಿರಬೇಕು.

“ಈಗಲೇ ಕೊಯ್ದು ಫ್ರೀಜರಿನಲ್ಲಿ ಇಟ್ರೆ?” ಎಂದರು ಮೋನಪ್ಪನವರು.

ವಾರಿಜಾಕ್ಷಿ ಗಂಡನನ್ನು ಸುಮ್ಮನೆ ನೋಡಿದರು. ಆ ನೋಟದಲ್ಲಿ ಫ್ರೀಜರಿಗಿಂತ ಹೆಚ್ಚಿನ ತಂಪಿತ್ತು.

“ಆಯ್ತು,” ಮೋನಪ್ಪನವರು ಎದ್ದು ನಿಂತರು. “ಕೌನ್ಸಿಲಿಗೆ ನಾನು ಹೋಗ್ತೇನೆ. ಸಭೆಯ ಭಾಷೆ ನನಗೆ ಗೊತ್ತುಂಟು.”

ಇದು ಬರಿಯ ಬಡಾಯಿಯಲ್ಲ. ಮೋನಪ್ಪನವರು ಪುತ್ತೂರಿನಲ್ಲಿ ಇಂಗ್ಲಿಷ್ ಕಲಿತದ್ದೇ ಪೇಪರಿನ ಶಾಸನಸಭೆಯ ವರದಿಗಳಿಂದ. ಗದ್ದಲದ ನಡುವೆ ಮಸೂದೆ ಟೇಬಲ್ ಆಯಿತು, ವರದಿ ಟೇಬಲ್ ಆಯಿತು, ಧರಣಿಯ ನಡುವೆ ಬಜೆಟ್ ಟೇಬಲ್ ಆಯಿತು. ಟೇಬಲ್ ಎಂದರೆ ಮಂಡಿಸುವುದು, ಮಂಡಿಸಿದರೆ ಅರ್ಧ ಗೆದ್ದ ಹಾಗೆ. ಮುಂದೆ ಅಮೆರಿಕದಲ್ಲಿ ಕನ್ನಡ ಸಂಘದ ಕಾರ್ಯದರ್ಶಿಯಾಗಿ ಅವರು ಯುಗಾದಿಯ ಹೋಳಿಗೆಗೆ ತುಪ್ಪವೋ ಹಾಲೋ ಎಂಬ ಪ್ರಶ್ನೆಯನ್ನೂ ವಿಧಿವತ್ತಾಗಿ ಟೇಬಲ್ ಮಾಡಿದ್ದರು. ಸಂಘದಲ್ಲಿ ಎಲ್ಲರೂ ಅದೇ ಪೇಪರ್ ಓದಿ ಬೆಳೆದವರಾದ್ದರಿಂದ ಯಾರಿಗೂ ಅರ್ಥವಾಗದೆ ಹೋಗಿರಲಿಲ್ಲ.

ಜೂನ್ ತಿಂಗಳ ಸಭೆಗೆ ಮೋನಪ್ಪನವರು ಟೈ ಕಟ್ಟಿಕೊಂಡು ಹೋದರು. ಮೊನ್ನೆಮೊನ್ನೆಯವರೆಗೆ ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತಿದ್ದ ಕೌನ್ಸಿಲ್ ಸಭೆ ಈಗ ಮತ್ತೆ ಸಭಾ ಹಾಲಿಗೆ ಇಳಿದಿತ್ತು. ಎತ್ತರದ ಮೇಜಿನ ಹಿಂದೆ ಏಳು ಮಂದಿ ಸದಸ್ಯರು, ಮಧ್ಯದಲ್ಲಿ ಮೇಯರಮ್ಮ. ಎದುರಿಗೆ ಮೈಕು. ಅದರ ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ದೀಪಗಳ ಗಡಿಯಾರ. ಕೆಂಪು ಹತ್ತಿದರೆ ಮಾತು ಬಂದ್.

ಮೊದಲು ಮೈಕಿನ ಮುಂದೆ ನಿಂತದ್ದು ವಾಲ್ಟರ್. ಮೋನಪ್ಪನವರ ಎದುರು ಮನೆಯವರು, ನಿವೃತ್ತರು, ಹುಲ್ಲನ್ನು ಅಳತೆಗೋಲು ಹಿಡಿದು ಕತ್ತರಿಸುವವರು. ಅವರ ಅಂಗಳದಲ್ಲಿ ಒಂದು ಎಲೆ ಬಿದ್ದರೆ ಅದು ಅನುಮತಿ ಕೇಳಿಯೇ ಬಿದ್ದಿರಬೇಕು.

“ಇವತ್ತು ಚಪ್ಪರ,” ಎಂದರು ವಾಲ್ಟರ್. “ನಾಳೆ ಗೋಪುರ. ಆಮೇಲೆ ರಸ್ತೆಯಿಂದ ಮನೆಗಳೇ ಕಾಣುವುದಿಲ್ಲ. ಕೌನ್ಸಿಲಿನಲ್ಲಿ ನನ್ನ ಮಾತು ಕೇಳುವವರು ನಾಲ್ಕು ಮಂದಿ ಇದ್ದಾರೆ. ಇವತ್ತೇ ಮತಕ್ಕೆ ಹಾಕಿ, ಬಿದ್ದುಹೋಗಲಿ.”

ಆಮೇಲೆ ಮೋನಪ್ಪನವರು. ಹಸಿರು ದೀಪ ಹತ್ತಿತು. ಅವರು ಸಭೆಗೆ ಎರಡು ಸಲ ತಲೆಬಾಗಿ, ಗಂಟಲು ಸರಿಮಾಡಿಕೊಂಡು, ಶಾಸನಸಭೆಯ ವರದಿಯ ಧಾಟಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದರು: “ಮಾನ್ಯ ಮೇಯರ್ ಮೇಡಂ, ನನ್ನದು ಒಂದೇ ವಿನಮ್ರ ಪ್ರಾರ್ಥನೆ. ನನ್ನ ವಿಷಯವನ್ನು ದಯವಿಟ್ಟು ಟೇಬಲ್ ಮಾಡಿ. ಇವತ್ತೇ ಮಾಡಿ. ಚರ್ಚೆ ಕೂಡ ಬೇಡ.”

ಮೇಯರಮ್ಮ ಕನ್ನಡಕದ ಮೇಲಿಂದ ನೋಡಿದರು. “ಟೇಬಲ್ ಮಾಡಬೇಕೇ? ನಿಮ್ಮದೇ ಅರ್ಜಿಯನ್ನು?”

“ನನ್ನದೇ. ಕೈ ಮುಗಿದು ಕೇಳ್ತೇನೆ.”

ಒಬ್ಬ ಸದಸ್ಯ ಸೂಚಿಸಿದ, ಇನ್ನೊಬ್ಬಾಕೆ ಅನುಮೋದಿಸಿದಳು. ಏಳೂ ಮಂದಿ ಹೂಂ ಅಂದರು. ಹಳದಿ ದೀಪ ಹತ್ತುವುದರೊಳಗೆ ಕೆಲಸ ಮುಗಿದಿತ್ತು.

ಇಲ್ಲೊಂದು ಮಾತು ಬಿಡಿಸಿ ಹೇಳಲೇಬೇಕು. ನಮ್ಮ ಕಡೆ ಟೇಬಲ್ ಮಾಡುವುದೆಂದರೆ ಮುಂದಿಡುವುದು. ಅಮೆರಿಕದಲ್ಲಿ ಟೇಬಲ್ ಮಾಡುವುದೆಂದರೆ ಬದಿಗಿಡುವುದು, ಅಂದರೆ ಇವತ್ತು ಬೇಡ, ಆಮೇಲೆ ನೋಡೋಣ ಎಂದು ಮೂಲೆಗೆ ತಳ್ಳುವುದು. ಕಡಲು ದಾಟುವಾಗ ಆ ಶಬ್ದ ದೋಣಿಯ ಹಾಗೆ ಮಗುಚಿಕೊಂಡಿತ್ತು. ಮೋನಪ್ಪನವರು ಮಾತ್ರ ಮಗುಚಿದ ದೋಣಿಯ ಮೇಲೆ ಕುಳಿತು ಬಾವುಟ ಹಾರಿಸುತ್ತಾ ಮನೆಗೆ ಬಂದರು.

“ಮಂಡನೆ ಆಯ್ತು ವಾರಿಜಾ! ಒಂದು ವಿರೋಧ ಇಲ್ಲ! ಆ ವಾಲ್ಟರ್ ಸಹ ಕಡೆಗೆ ಚಪ್ಪಾಳೆ ತಟ್ಟಿದ!”

“ಅವರು ಯಾಕೆ ತಟ್ಟಿದ್ದು?” ಎಂದರು ವಾರಿಜಾಕ್ಷಿ.

“ನನ್ನ ಇಂಗ್ಲಿಷಿಗೆ.”

ಮರುದಿನ ಬೆಳಿಗ್ಗೆ ವಾಲ್ಟರ್ ರಸ್ತೆ ದಾಟಿ ಬಂದು ಕೈ ಕುಲುಕಿದರು. “ನೀವು ದೊಡ್ಡ ಮನಸ್ಸಿನವರು,” ಎಂದರು. “ನಿಮ್ಮ ಜಾಗದಲ್ಲಿ ನಾನಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ.” ಹಾಗೆಂದವರು ಹೋಗದೆ ಅಲ್ಲೇ ನಿಂತು, ಚಪ್ಪರದ ದಪ್ಪ ಎಲೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. “ಅಂದ ಹಾಗೆ, ಇದೇನು?”

“ಬಸಳೆ.”

“ಬ್ಯಾಸಲಿ?”

ವಾರಿಜಾಕ್ಷಿ ಒಂದು ಕಟ್ಟು ಕೊಯ್ದು ಅವರ ಕೈಗಿತ್ತರು. ಗೆದ್ದವರು ಸೋತವರಿಗೆ ಏನಾದರೂ ಕೊಡಬೇಕೆಂದು ಅವರ ಲೆಕ್ಕ. ಅರ್ಜಿಯನ್ನು ತಾವೇ ಮೂಲೆಗೆ ಹಾಕಿಸಿ ಸೋತವರು ತನಗೆ ಕಾಣಿಕೆ ಕೊಟ್ಟರೆಂದು ವಾಲ್ಟರರ ಲೆಕ್ಕ. ಎರಡೂ ಮನೆಯಲ್ಲಿ ಅಂದು ಬಹಳ ಸಂತೋಷವಿತ್ತು.

ಟೇಪು ಹಿಡಿದ ಹುಡುಗಿಯೂ ಫೋನ್ ಮಾಡಿ, ವಿಷಯ ಟೇಬಲಿನ ಮೇಲೆ ಇರುವಷ್ಟು ದಿನ ಸಿಟಿ ಚಪ್ಪರವನ್ನು ಮುಟ್ಟುವುದಿಲ್ಲ ಎಂದಳು. “ನೋಡು, ಮಂಡಿಸಿದ ಮಸೂದೆಗೆ ಎಷ್ಟು ಮರ್ಯಾದೆ!” ಎಂದು ಮೋನಪ್ಪನವರು ಸಿಕ್ಕವರಿಗೆಲ್ಲ ಹೇಳಿದರು.

ಜುಲೈ ತಿಂಗಳ ಕಾರ್ಯಸೂಚಿಯಲ್ಲಿ ಬಸಳೆ ಮತ್ತೆ ಬಂತು. ಮಹಾಂತಪ್ಪನವರಿಗೆ ಅನುಮಾನ ಹುಟ್ಟಿತು. “ಅಲ್ರೀ ಮೋನಪ್ಪನವರ, ಒಮ್ಮೆ ಮಂಡಿಸಿದ ಮ್ಯಾಲ ಮತ್ತ್ಯಾಕ್ ಬಂತ್ರೀ?”

“ಡಾಕ್ಟ್ರೇ, ನೀವು ಹೃದಯ ನೋಡುವವರು, ಸದನ ನೋಡಿದವರಲ್ಲ. ಮಸೂದೆಗೆ ಮೊದಲನೇ ವಾಚನ, ಎರಡನೇ ವಾಚನ, ಮೂರನೇ ವಾಚನ ಅಂತ ಉಂಟು. ಇದು ಎರಡನೇದು. ಈ ಸಲ ಜನಬೆಂಬಲ ತೋರಿಸಬೇಕು.”

ಹಾಗಾಗಿ ಜುಲೈ ಸಭೆಗೆ ಕನ್ನಡ ಸಂಘವೇ ಎದ್ದು ಬಂತು. ಸೆಂಟರ್‌ವಿಲ್‌ನಿಂದ ಶ್ರೀದೇವಿ ಆಂಟಿ ನದಿ ದಾಟಿ, ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಬಂದರು. ಆ ಬಸಳೆಯ ಮೊದಲ ದಂಟು ಕೊಟ್ಟವರು ಅವರೇ ಆದ್ದರಿಂದ ಅವರಿಗೆ ತವರಿನವರ ಸ್ಥಾನ. ಒಬ್ಬೊಬ್ಬರೇ ಮೈಕಿನ ಮುಂದೆ ನಿಂತರು.

“ಪ್ಲೀಸ್ ಟೇಬಲ್ ಇಟ್,” ಎಂದರು ಶ್ರೀದೇವಿ ಆಂಟಿ.

“ಟೇಬಲ್ ಮಾಡ್ರಿ, ತಡಾ ಮಾಡಬ್ಯಾಡ್ರಿ!” ಎಂದು ಮಹಾಂತಪ್ಪನವರು ಆವೇಶದಲ್ಲಿ ಕನ್ನಡದಲ್ಲೇ ಹೇಳಿ, ಆಮೇಲೆ ತಾವೇ ಅನುವಾದಿಸಿದರು.

ಮುಂದೂಡಿ ಎಂದು ಬೇಡಿಕೊಳ್ಳಲು, ಅದೂ ತಡಮಾಡದೆ ಮುಂದೂಡಿ ಎಂದು ಬೇಡಿಕೊಳ್ಳಲು, ರೇಷ್ಮೆ ಸೀರೆಯುಟ್ಟು ಬಂದ ಜನರನ್ನು ಆ ಕೌನ್ಸಿಲ್ ಹಿಂದೆಂದೂ ಕಂಡಿರಲಿಲ್ಲ. ಪಾರ್ಕಿಂಗ್ ವಿಷಯಕ್ಕೆ ಬೈಸಿಕೊಂಡು, ಕಸದ ವಿಷಯಕ್ಕೆ ಬೈಸಿಕೊಂಡು, ಮುಖ ಬಾಡಿದ್ದ ಸದಸ್ಯರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮತ್ತೆ ಏಳಕ್ಕೆ ಏಳು ಮತ.

“ಈ ಕೌನ್ಸಿಲಿನಲ್ಲಿ ಒಮ್ಮತದಿಂದ ಆಗುವ ಕೆಲಸ ಎರಡೇ,” ಎಂದರು ಮೇಯರಮ್ಮ. “ಸಭೆ ಮುಗಿಸುವುದು, ಮೋನಪ್ಪನವರದನ್ನು ಟೇಬಲ್ ಮಾಡುವುದು. ನಾಗರಿಕರೆಂದರೆ ಹೀಗಿರಬೇಕು.”

ಆಗಸ್ಟಿನಲ್ಲಿ ಕೌನ್ಸಿಲಿಗೆ ರಜೆ, ಬಸಳೆಗೆ ರಜೆಯಿಲ್ಲ. ಬಿಸಿಲಿಗೆ ಸೊಕ್ಕಿ ಅದು ಚಪ್ಪರ ತುಂಬಿ, ಅಲ್ಲಿಂದ ಕೈ ಚಾಚಿ ಮೋನಪ್ಪನವರ ಅಂಚೆ ಡಬ್ಬಿಯನ್ನೂ ಹಿಡಿದುಕೊಂಡಿತು. ದಾರಿಹೋಕರು ನಿಂತು ನೋಡತೊಡಗಿದರು. ಇದು ತಿನ್ನುವುದೇ? ಹೂವೇ? ಈ ನೇರಳೆ ಬಣ್ಣದ ಕಾಯಿ ವಿಷವೇ? ನಾಯಿ ಹಿಡಿದು ನಡೆಯುವವರೆಲ್ಲ ದಾರಿ ಬದಲಿಸಿ ಆ ಬೀದಿಯಲ್ಲೇ ಬಂದರು. ವಾಲ್ಟರರ ಹೆಂಡತಿ ಲೊರೇನ್ ದಿನ ಬಿಟ್ಟು ದಿನ ಒಂದು ಕಟ್ಟು ಒಯ್ದು, ಚೀಸ್ ಸುರಿದು ಓವನ್ನಿನಲ್ಲಿ ಬೇಯಿಸಿ, ಚರ್ಚಿನ ಊಟಕ್ಕೆ ತೆಗೆದುಕೊಂಡು ಹೋದರು. ಅಲ್ಲಿ ಕೌನ್ಸಿಲಿನ ಇಬ್ಬರು ಸದಸ್ಯರು ಎರಡೆರಡು ಸಲ ಬಡಿಸಿಕೊಂಡು, ಇದ್ಯಾವ ಸೊಪ್ಪು, ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದರಂತೆ. ಬಸಳೆಗೆ ಚೀಸ್ ಹಾಕಿದ ಸುದ್ದಿ ಕೇಳಿ ವಾರಿಜಾಕ್ಷಿ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಸೆಪ್ಟೆಂಬರ್ ಬಂತು. ಶನಿವಾರ ಬಯಕೆಯ ಊಟ, ಅದಕ್ಕೆ ಮುಂಚಿನ ಮಂಗಳವಾರ ಕೌನ್ಸಿಲ್ ಸಭೆ. ದೀಕ್ಷಿತಾಗೆ ಶಾಲೆಯಲ್ಲಿ ಯಾವುದಾದರೂ ಸಾರ್ವಜನಿಕ ಸಭೆ ನೋಡಿ ಬರೆಯಲು ಹೇಳಿದ್ದರಿಂದ ಅವಳೂ ಕಾರು ಹತ್ತಿದಳು. ಮೋನಪ್ಪನವರು ಡ್ರೈವ್ ಮಾಡುತ್ತಾ ಭಾಷಣದ ಅಭ್ಯಾಸ ಮಾಡತೊಡಗಿದರು. “ಮಾನ್ಯ ಮೇಯರ್ ಮೇಡಂ, ಮೂರನೆಯ ಬಾರಿಗೆ ವಿನಂತಿಸುತ್ತೇನೆ, ದಯವಿಟ್ಟು ಇದನ್ನು ಟೇಬಲ್ ಮಾಡಿ…”

“ಅಪ್ಪ, ವೇಟ್. ಯಾಕೆ ಟೇಬಲ್? ನಮಗೆ ಅದು ಬೇಕು ಅಲ್ವಾ?”

“ಬೇಕು. ಅದಕ್ಕೇ ಟೇಬಲ್.”

“ನೋ, ಅಪ್ಪ. ಟೇಬಲ್ ಅಂದ್ರೆ, ಲೈಕ್, ಅದರ ಬಗ್ಗೆ ಮಾತಾಡೋದು ಬೇಡ ಅಂತ. ಲೇಟರ್. ಮೇಬಿ ನೆವರ್.”

ಕೆಂಪು ದೀಪದಲ್ಲಿ ಕಾರು ನಿಂತಿತು. ದೀಪ ಹಸಿರಾದರೂ ಕಾರು ನಿಂತೇ ಇತ್ತು. ಹಿಂದಿನವರು ಹಾರ್ನ್ ಮಾಡಿದರು.

“ಯಾರು ಹೇಳಿದ್ದು ನಿನಗೆ?”

“ಎವ್ರಿಬಡಿ. ಗವರ್ನಮೆಂಟ್ ಕ್ಲಾಸಲ್ಲಿ ಟೆಸ್ಟ್ ಇತ್ತು.” ಅವಳು ಫೋನಿನಲ್ಲಿ ನಿಘಂಟು ತೆರೆದು ತೋರಿಸಿದಳು. ಎರಡೂ ಅರ್ಥ ಒಂದರ ಕೆಳಗೊಂದು, ಮಾತು ಬಿಟ್ಟ ಓರಗಿತ್ತಿಯರ ಹಾಗೆ ಕುಳಿತಿದ್ದವು.

“ಅಂದ್ರೆ ನಾನು…” ಮೋನಪ್ಪನವರ ಸ್ವರ ಇಳಿಯಿತು. “ಶ್ರೀದೇವಿಯಕ್ಕನನ್ನು ಅಷ್ಟು ದೂರದಿಂದ ಕರೆಸಿ… ಸೀರೆ ಉಡಿಸಿ… ಬೇಡ ಅಂತ ಹೇಳಿಸಿದ್ದಾ?”

“ಬಟ್ ಅಪ್ಪ, ಇಟ್ಸ್ ಗುಡ್! ಟೇಬಲ್ ಮೇಲೆ ಇದ್ರೆ ಯಾರೂ ಚಪ್ಪರ ಟಚ್ ಮಾಡಲ್ಲ. ವೋಟ್ ಆದ್ರೆ ವಾಲ್ಟರ್ ಅಂಕಲ್‌ಗೆ ಫೋರ್ ಇದೆ, ನಮಗೆ ತ್ರೀ. ವಿ ಲೂಸ್. ಎಂದಿನ ಥರ ಅದೇ ಹೇಳು.”

“ತಪ್ಪು ಇಂಗ್ಲಿಷಿನಲ್ಲಿ ಗೆದ್ದದ್ದು ಗೆಲುವಾ?”

ಹಿಂದಿನ ಸೀಟಿನಿಂದ ವಾರಿಜಾಕ್ಷಿ ಮಾತಾಡಿದರು. “ಗೆದ್ದದ್ದು ಗೆದ್ದದ್ದೇ. ಇವತ್ತೊಂದು ದಿನ ತಪ್ಪನ್ನೇ ಸರಿಯಾಗಿ ಹೇಳಿ ಬನ್ನಿ. ಶನಿವಾರ ಊಟ ಆದ ಮೇಲೆ ನಿಮ್ಮ ಇಂಗ್ಲಿಷ್ ಎಷ್ಟು ಬೇಕಾದ್ರೂ ರಿಪೇರಿ ಮಾಡ್ಕೊಳ್ಳಿ.”

ಮೋನಪ್ಪನವರು ತಲೆಯಾಡಿಸಿದರು. ಆದರೆ ಆ ತಲೆ ಮೇಲೆ ಕೆಳಗೆ ಆಡಿತೋ, ಅಡ್ಡಡ್ಡ ಆಡಿತೋ ಹಿಂದಿನ ಸೀಟಿಗೆ ಕಾಣಿಸಲಿಲ್ಲ.

ಹಾಲಿನಲ್ಲಿ ಅವರ ಸರದಿ ಬಂದಾಗ ಮೇಯರಮ್ಮ ಹಳೆಯ ಗೆಳೆಯನನ್ನು ಕಂಡಂತೆ ನಕ್ಕರು. “ಬನ್ನಿ ಬನ್ನಿ. ಎಂದಿನ ವಿನಂತಿಯೇ ತಾನೇ?”

ಸದಸ್ಯರು ಆಗಲೇ ಹೂಂ ಅನ್ನಲು ಬಾಯಿ ತೆರೆದುಕೊಂಡಿದ್ದರು. ಮುಂದಿನ ಸಾಲಿನಲ್ಲಿ ವಾಲ್ಟರ್ ಮತ್ತು ಲೊರೇನ್. ಅವರ ಹಿಂದೆ ವಾರಿಜಾಕ್ಷಿ ಕಣ್ಣಲ್ಲೇ ಗಂಡನ ಬಾಯಿ ಮುಚ್ಚಲು ನೋಡುತ್ತಿದ್ದರು.

“ಅಲ್ಲ,” ಎಂದರು ಮೋನಪ್ಪನವರು. “ನನ್ನಿಂದ ತಪ್ಪಾಗಿದೆ. ನಮ್ಮ ಊರಿನಲ್ಲಿ ಟೇಬಲ್ ಅಂದರೆ ಬೇರೆ. ನಾನು ಇಷ್ಟು ದಿನ ಕೇಳಿದ್ದು ನನಗೆ ಬೇಕಾದ್ದರ ಉಲ್ಟಾ. ನನಗೆ ಟೇಬಲ್ ಬೇಡ. ಮತ ಬೇಕು.”

ವಾರಿಜಾಕ್ಷಿ ಹಣೆಗೆ ಹೊಡೆದುಕೊಂಡ ಸದ್ದು ಮೈಕಿಗೂ ಕೇಳಿಸಿತು.

ಮೇಯರಮ್ಮನ ನಗು ಹಾಗೇ ಉಳಿದು, ಅದರ ಅರ್ಥ ಮಾತ್ರ ಹೋಯಿತು. “ಮತ ಹಾಕಬೇಕಾದರೆ ವಿಷಯವನ್ನು ಮೊದಲು ಟೇಬಲಿನಿಂದ ಎತ್ತಬೇಕು,” ಎಂದರು. “ಅದಕ್ಕೆ ಸದಸ್ಯರಲ್ಲಿ ಒಬ್ಬರು ಸೂಚನೆ ಕೊಡಬೇಕು. ಯಾರೂ ಕೊಡದಿದ್ದರೆ ಅದು ಇದ್ದಲ್ಲೇ ಇರುತ್ತದೆ. ಯಾರಾದರೂ ಕೊಡುತ್ತೀರಾ?”

ಬಸಳೆಯ ಪರವಾಗಿದ್ದ ಮೂವರು, ಸೋಲುತ್ತೇವೆಂದು ಗೊತ್ತಿದ್ದುದರಿಂದ, ತಮ್ಮ ಮುಂದಿದ್ದ ನೀರಿನ ಬಾಟಲಿಯ ಮೇಲೆ ಬರೆದದ್ದನ್ನು ಓದತೊಡಗಿದರು. ವಿರುದ್ಧವಾಗಿದ್ದ ನಾಲ್ವರಲ್ಲಿ ಇಬ್ಬರು ಚರ್ಚಿನ ಊಟ ನೆನಪಾಗಿ ತುಟಿ ಒರೆಸಿಕೊಂಡರು. ಉಳಿದಿಬ್ಬರು ವಾಲ್ಟರನ್ನು ನೋಡಿದರು. ವಾಲ್ಟರ್ ಚಾವಣಿಯನ್ನು ನೋಡುತ್ತಿದ್ದರು. ಅವರ ಮೊಣಕಾಲಿನ ಮೇಲೆ ಲೊರೇನರ ಕೈಯಿತ್ತು, ಮತ್ತು ಆ ಕೈ ಪ್ರೀತಿಯಿಂದ ಇಟ್ಟದ್ದಲ್ಲ.

“ದಯವಿಟ್ಟು ಯಾರಾದರೂ ಒಬ್ಬರು,” ಮೋನಪ್ಪನವರು ಕೈ ಮುಗಿದರು.

ಮೇಯರಮ್ಮ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೆಂಪು ದೀಪ ಹತ್ತಿತು. “ಸೂಚನೆ ಇಲ್ಲ. ಹಾಗಾದರೆ ವಿಷಯ ಟೇಬಲಿನ ಮೇಲೆಯೇ ಇದೆ. ಮುಂದಿನದು ಕಸದ ಡಬ್ಬಿಗಳು.”

ಹೀಗೆ ಮೋನಪ್ಪನವರು ಸರಿಯಾದ ಇಂಗ್ಲಿಷಿನಲ್ಲಿ ಸೋತರು, ಚಪ್ಪರ ಉಳಿಯಿತು. ಕಾರಿನಲ್ಲಿ ವಾರಿಜಾಕ್ಷಿ ಒಂದೇ ಮಾತು ಹೇಳಿದರು: “ಇನ್ನು ಶನಿವಾರದವರೆಗೆ ನೀವು ಕನ್ನಡ ಸಹ ಮಾತಾಡುವುದು ಬೇಡ.”

ಶನಿವಾರ ಬೆಳಿಗ್ಗೆ ಚಪ್ಪರವಿಡೀ ಬೋಳಾಯಿತು. ಹಳೆಯ ಲುಂಗಿಯ ಪಟ್ಟಿಗಳು ಮಾತ್ರ ಗಾಳಿಗೆ ಹಾರುತ್ತಿದ್ದವು. ರಾಲಿಯಿಂದ ಅಪೂರ್ವಾ ಹಸಿರು ಸೀರೆಯುಟ್ಟು, ಗಂಡ ಕಾರ್ತಿಕ್‌ನ ಕೈ ಹಿಡಿದು ಇಳಿದಳು. ಮಹಾಂತಪ್ಪನವರು ಬಂದರು, ಶ್ರೀದೇವಿ ಆಂಟಿ ಬಂದರು, ವಾಲ್ಟರ್ ಮತ್ತು ಲೊರೇನ್ ಒಂದು ಖಾಲಿ ಡಬ್ಬಿ ಹಿಡಿದುಕೊಂಡೇ ಬಂದರು. ಉದ್ದನೆಯ ಊಟದ ಮೇಜಿನ ಆ ತುದಿಯಲ್ಲಿ ಅಪೂರ್ವಾ, ಅವಳ ಮುಂದೆ ಬಸಳೆ-ಸೀಗಡಿ ಗಸಿಯ ದೊಡ್ಡ ಪಾತ್ರೆ. ಈ ತುದಿಯಲ್ಲಿ ಮೋನಪ್ಪನವರು, ಅವರ ಮುಂದೆ ಒಣ ರೊಟ್ಟಿ.

ಮೊದಲ ತುತ್ತು ಬಾಯಿಗಿಟ್ಟು ಅಪೂರ್ವಾ ಕಣ್ಣು ಮುಚ್ಚಿದಳು.

“ಅಮ್ಮಾ,” ಎಂದಳು, “ಇನ್ನೊಂದು ಸೌಟು.”

ಮೇಜು ಒಮ್ಮೆಗೇ ಗಲಗಲ ಎಂದಿತು. ವಾರಿಜಾಕ್ಷಿ ಬಡಿಸಿದರು, ಲೊರೇನ್ ಡಬ್ಬಿ ಮುಂದಿಟ್ಟರು, ಮಹಾಂತಪ್ಪನವರು “ಇದಕ್ಕ ರೊಟ್ಟಿ ಬಾಳ ಛಲೋ ಹೊಂದ್ತತ್ರೀ” ಎನ್ನುತ್ತಾ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು, ವಾಲ್ಟರ್ ಈ ದಂಟನ್ನು ಜಗಿದು ಉಗುಳಬೇಕೋ ನುಂಗಬೇಕೋ ಎಂದು ದೀಕ್ಷಿತಾಳನ್ನು ಕೇಳಿದರು. ಪಾತ್ರೆಯ ತಳಕ್ಕೆ ಸೌಟು ತಾಗಿದ ಸದ್ದು ಕೇಳಿಸಿತು.

ಮೋನಪ್ಪನವರು ಸಭೆಯ ಧಾಟಿಯಲ್ಲಿ ಗಂಟಲು ಸರಿಮಾಡಿಕೊಂಡು, ಬಾಯಿಗೆ ಬಂದ ‘ಟೇಬಲ್’ ಎಂಬ ಶಬ್ದವನ್ನು ನುಂಗಿಕೊಂಡರು.

“ಆ ಗಸಿ ಒಂಚೂರು ಈ ಕಡೆ ಕೊಡಿ ಮಾರಾಯ್ರೆ,” ಎಂದರು.